ನನಗೆ ಎರಡು ಸಲ ಕಾರು ಕೊಟ್ಟವರು

ಕಳೆದ ತಿಂಗಳು ಚಿಕ್ಕಮಗಳೂರಿನಿಂದ ಪರಿಚಯದ ಮೇಷ್ಟರೊಬ್ಬರು ಫೋನ್ ಮಾಡಿದರು. ಅಲ್ಲಿ ಎಲೆಕ್ಟ್ರಿಕ್ ಕಾರುಗಳ ಶೋರೂಮ್ ಇಟ್ಟಿರುವ ಹಿರಿಯರೊಬ್ಬರಿಗೆ ಅರವತ್ತು ತುಂಬಿದೆ, ವ್ಯವಹಾರವನ್ನು ಅಳಿಯನಿಗೆ ಒಪ್ಪಿಸಿ ಇನ್ನು ಮೇಲೆ ತೋಟದಲ್ಲೇ ಇರುತ್ತಾರೆ, ಗೆಳೆಯರೆಲ್ಲ ಸೇರಿ ಅಭಿನಂದನ ಗ್ರಂಥವೊಂದನ್ನು ತರುತ್ತಿದ್ದೇವೆ, ನೀವೂ ಒಂದು ಲೇಖನ ಕೊಡಬೇಕು ಎಂದರು. "ನಿಮ್ಮ ಬಗ್ಗೆ ಅವ್ರಿಗೆ ಭಾರಿ ಗೌರವ ಮೇಡಂ. ಡಾಕ್ಟ್ರು ಬರೀಲೇಬೇಕು ಅಂತ ಅವ್ರೇ ಹೇಳಿದ್ದು" ಎಂದೂ ಸೇರಿಸಿದರು. ಆ ಮಾತು ಕೇಳಿದ ಮೇಲೆಯೇ ನನಗೆ ಬರೆಯಬೇಕೆನಿಸಿದ್ದು. ಬರೆದದ್ದನ್ನು ಅವರ ಗ್ರಂಥದಲ್ಲಿ ಯಾರೂ ಹಾಕಲಾರರು, ಅದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ನಮ್ಮ ಕಡೆಯವರಿಗೆ ಹೇಳದೆಯೂ ತಿಳಿಯುತ್ತದೆ. ಬೇರೆಯವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಅವರು ಎಂದೂ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮಾತು ಎಷ್ಟು ಮೆಲ್ಲಗೆಂದರೆ ಎದುರಿಗಿದ್ದವರು ಮುಂದಕ್ಕೆ ಬಾಗಲೇಬೇಕು. ಹಾಗೆ ಬಾಗಿದವರ ಹೆಗಲ ಮೇಲೆ ಅವರ ಕೈ ಬರುತ್ತಿತ್ತು, ಹೆಂಗಸರಾದರೆ ಎರಡು ಕೈ ಜೋಡಿಸಿಕೊಂಡು ತಲೆ ತುಸು ಓರೆ ಮಾಡುತ್ತಿದ್ದರು. ಬಿಳಿ ಷರಟು, ಮೊಳಕೈವರೆಗೆ ಮಡಿಸಿದ ತೋಳು, ಬಾಯಲ್ಲಿ ಏಲಕ್ಕಿ. ಮೂಡಿಗೆರೆಯಿಂದ ಸಂಸೆಯವರೆಗೆ ಯಾರ ಮಗಳು ಯಾರ ಮನೆಗೆ ಸೇರಿದ್ದಾಳೆ, ಯಾರ ಅಜ್ಜನಿಗೆ ಕಾಲುನೋವು, ಎಲ್ಲ ಅವರ ನಾಲಗೆ ತುದಿಯಲ್ಲಿ. ಸಾವಿನ ಮನೆಗೆ ಮೊದಲು ತಲುಪುವವರಲ್ಲಿ ಅವರು ಒಬ್ಬರು. ಸೌದೆ ಬಂತಾ, ಭಟ್ಟರಿಗೆ ಹೇಳಿದ್ರಾ ಎಂದು ವಿಚಾರಿಸಿ, ತಮ್ಮದೇ ಜೀಪು ಕಳಿಸಿ, ಕೊನೆಯವರೆಗೂ ನಿಲ್ಲುತ್ತಿದ್ದರು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದಿನ ಆರು ತಿಂಗಳಲ್ಲಿ ಆ ಮನೆಗೆ ಅವರ ಅಂಗಡಿಯಿಂದ ಏನಾದರೊಂದು ಸಾಮಾನು ಬಂದು ಇಳಿಯುತ್ತಿತ್ತು ಎನ್ನುವುದನ್ನೂ ನಾನೇ ನೋಡಿದ್ದೇನೆ.

ಕಾರಿಗೆ ಮೊದಲು ಅವರು ತೋಟಕ್ಕೆ ಔಷಧಿ ಹೊಡೆಯುವ ಪಂಪು ಮಾರಿದರು, ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಾರಿದರು, ಆಮೇಲೆ ಬಿಸಿಲಿನಿಂದ ನೀರು ಕಾಯಿಸುವ ಹೀಟರು ಮಾರಿದರು. ನಮ್ಮ ಪಕ್ಕದ ಮನೆಯಲ್ಲಿ ಆ ಹೀಟರು ಹಾಕಿಸಿ ಒಂದು ಬೇಸಗೆ ಪೂರ್ತಿ ಕಳೆದರೂ ನೀರು ಉಗುರುಬೆಚ್ಚಗೆ ದಾಟಲಿಲ್ಲ. ದೂರು ಹೋದಾಗ ಸ್ವತಃ ಬಂದರು. ಮೇಲೆ ಹತ್ತಿ ನೋಡಲಿಲ್ಲ. ಜಗಲಿಯಲ್ಲಿ ಕೂತು, ಸೌದೆ ಒಲೆಯಲ್ಲಿ ಕಾಸಿದ ಕಾಫಿ ಕುಡಿದು, ಇಂಥ ಕಾಫಿ ಪೇಟೆಯಲ್ಲಿ ಎಲ್ಲಿ ಸಿಗುತ್ತದೆ ಎಂದು ಮನೆಯಾಕೆಯನ್ನು ಹೊಗಳಿ, ಹೊಸ ವಸ್ತು ಸೆಟ್ ಆಗಲು ಸಮಯ ಬೇಕು ಎಂದು ಹೇಳಿ ಹೋದರು. ಅವರು ಹೋದ ಮೇಲೆ ಆ ಮನೆಯವರು, ಪಾಪ, ಅಷ್ಟು ದೂರದಿಂದ ಬಂದರು ಎಂದು ನಮ್ಮ ಹತ್ತಿರ ಹೇಳಿಕೊಂಡರು. ಹೀಟರು ಇವತ್ತಿಗೂ ಮಾಡಿನ ಮೇಲಿದೆ.

ಇಷ್ಟು ತಿಳಿದೂ ನಾನು ಅವರಿಂದ ಕಾರು ಕೊಂಡೆ. ಜಿಲ್ಲೆಯಲ್ಲಿ ಆ ಕಾರು ಸಿಗುತ್ತಿದ್ದುದು ಅವರೊಬ್ಬರಲ್ಲಿ ಎಂಬುದು ಒಂದು ಕಾರಣ. ಇನ್ನೊಂದು, ಕಾರು ನನಗೆ ಹಿಡಿಸಿತ್ತು. ನಾನು ಕಳಸದಲ್ಲಿ ಪಶುವೈದ್ಯೆ, ಸ್ವಂತ ಕ್ಲಿನಿಕ್ಕು. ಅರ್ಧ ಕೆಲಸ ಊರೂರು ತಿರುಗುವುದರಲ್ಲೇ ಇರುತ್ತದೆ. ನನ್ನ ಹಳೆಯ ಡೀಸೆಲ್ ಗಾಡಿ ಕೊಟ್ಟಿಗೆಯ ಹತ್ತಿರ ಬಂತೆಂದರೆ ಹೆದರಿದ ದನಗಳು ಕಣ್ಣಿ ಜಗ್ಗುತ್ತಿದ್ದವು. ಅವರು ಓಡಿಸಿ ನೋಡಿ ಎಂದು ತಂದ ಎಲೆಕ್ಟ್ರಿಕ್ ಕಾರು ಸದ್ದಿಲ್ಲದೆ ಏರು ಹತ್ತಿತು. ಗಬ್ಬದ ಹಸುವೊಂದು ಮೇಯುತ್ತಾ ಕತ್ತೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ನಾನು ಸೋತದ್ದು ಅಲ್ಲಿ. ಅವರು ನನ್ನ ಮುಖವನ್ನು ನೋಡಿ, ಮುಂದೆ ಒಂದು ಮಾತೂ ಆಡದೆ ಸುಮ್ಮನೆ ಕೂತಿದ್ದರು. ಯಾವಾಗ ಸುಮ್ಮನಿರಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾರು ತರುವ ದಿನ ನನ್ನ ಜೊತೆ ಅಮ್ಮ ಇದ್ದರು. ಹಳೆಯ ಗಾಡಿಯನ್ನು ಬದಲಿಗೆ ಶೋರೂಮಿಗೇ ಕೊಟ್ಟಿದ್ದೆ. ನಾವು ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಯಾರೋ ಅದನ್ನು ಓಡಿಸಿಕೊಂಡು ಹೋಗಿಬಿಟ್ಟರು. ಹೊಸ ಕಾರಿಗೆ ಕೆಂಪು ಬಟ್ಟೆ ಹೊದಿಸಿ, ಮೇಲೊಂದು ರಿಬ್ಬನ್ನಿನ ಹೂ ಕಟ್ಟಿ ಒಳಗೆ ನಿಲ್ಲಿಸಿದ್ದರು. ಭಟ್ಟರು ಬಂದು ಕೂತಿದ್ದರು. ಮೊದಲು ಬಟ್ಟೆ ತೆಗೆದು ಗಾಡಿ ನೋಡುತ್ತೇನೆ ಎಂದೆ. ರಾಹುಕಾಲ ಬರುತ್ತದೆ, ಪೂಜೆ ಮುಗಿಯಲಿ, ಆಮೇಲೆ ನಿಮ್ಮದೇ ಗಾಡಿ, ಬೇಕಾದಷ್ಟು ಹೊತ್ತು ನೋಡಿ ಎಂದರು ಶೋರೂಮಿನ ಹಿರಿಯರು. ಅವರು ಅದನ್ನು ಹೇಳಿದ್ದು ನನಗಲ್ಲ, ಅಮ್ಮನಿಗೆ. ಅಮ್ಮ ನನ್ನ ಕಡೆ ತಿರುಗಿ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು. ಆರತಿಯಾಯಿತು, ಚಕ್ರದಡಿ ನಿಂಬೆಹಣ್ಣು ಸಿಡಿಯಿತು, ಬಾನೆಟ್ಟಿನ ಮೇಲೆ ಕುಂಕುಮ ಬಿತ್ತು. ಕುಂಕುಮ ಬಿದ್ದ ಗಾಡಿಯನ್ನು ಬೇಡ ಎಂದು ಬಿಟ್ಟು ಬರುವ ಧೈರ್ಯ ನಮ್ಮ ಕಡೆ ಯಾರಿಗೂ ಇರುವುದಿಲ್ಲ. ಅವರ ವ್ಯಾಪಾರ ನಿಂತಿದ್ದೇ ಅದರ ಮೇಲೆ.

ಆಮೇಲೆ ನೋಡಿದೆ. ಎಡಗಡೆಯ ಹಿಂಬಾಗಿಲು ಮೇಲ್ಗಡೆ ಬೆರಳು ತೂರುವಷ್ಟು ಅಗಲವಾಗಿ, ಕೆಳಗಡೆ ಉಗುರೂ ಹೋಗದಷ್ಟು ಬಿಗಿಯಾಗಿ ಕೂತಿತ್ತು. ಬಾನೆಟ್ಟು ಒಂದು ಬದಿಗೆ ವಾಲಿತ್ತು. ಹಿಂದಿನ ದೀಪದೊಳಗೆ ನೀರಿನ ಹನಿಗಳಿದ್ದವು. ಬಾಗಿಲ ಹಿಡಿಯ ಕೆಳಗೆ ಬಣ್ಣದಡಿ ಧೂಳು ಸಿಕ್ಕಿ ಸಾಸಿವೆಯಂಥ ಬೊಕ್ಕೆಗಳೆದ್ದಿದ್ದವು. ಚಾರ್ಜಿಂಗಿನ ಮುಚ್ಚಳ ಮುಚ್ಚಿದರೆ ಮತ್ತೆ ತೆರೆದುಕೊಳ್ಳುತ್ತಿತ್ತು. ಹಿಂದಿನ ಡಿಕ್ಕಿಯ ಬಾಗಿಲು ಹಾಕಲು ಎರಡು ಕೈಯಿಂದ ಬಡಿಯಬೇಕಾಯಿತು. ಡ್ರೈವರ್ ಸೀಟಿನಲ್ಲಿ ಕೂತು ಅಲುಗಾಡಿದರೆ ಕೆಳಗೆಲ್ಲೋ ಟಕ್ ಎನ್ನುತ್ತಿತ್ತು.

ಒಂದೊಂದನ್ನೂ ತೋರಿಸಿದೆ. ಅವರು ಯಾವುದನ್ನೂ ಇಲ್ಲ ಎನ್ನಲಿಲ್ಲ. ಇದ್ದದ್ದನ್ನು ಇಲ್ಲ ಎನ್ನುವ ದಡ್ಡರಲ್ಲ ಅವರು. ಪ್ರತಿಯೊಂದಕ್ಕೂ ಬಾಗಿ, ಹೌದಲ್ವಾ ಎಂದು ಬೆರಗಿನಿಂದ ನೋಡಿ, ಕರವಸ್ತ್ರದಿಂದ ಒರೆಸಿದರು. ಒರೆಸಿದರೆ ಹೋಗುತ್ತದೆ ಎಂಬಂತೆ. "ಹೊಸದಲ್ವಾ ಡಾಕ್ಟ್ರೇ, ನಾಲ್ಕು ದಿವ್ಸ ಘಾಟಿ ಹತ್ತಿ ಇಳಿದ್ರೆ ಎಲ್ಲ ಸೆಟ್ ಆಗುತ್ತೆ. ಆಗ್ಲಿಲ್ಲ ಅಂದ್ರೆ ನಾನೆಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಲ್ಲ" ಎಂದರು. ಸೀಟಿನ ಸದ್ದನ್ನು ಮಾತ್ರ ಈಗಲೇ ನೋಡಿಸಿ ಎಂದು ಹಟ ಹಿಡಿದೆ. ಒಬ್ಬ ಹುಡುಗನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ಬಗ್ಗಿ ನೋಡಿ, ಎದ್ದು, ಏನಿಲ್ಲ ಸಾರ್ ಎಂದ. ಫೋಟೋಕ್ಕೆ ನಿಂತಾಗ ಅವರು ಕಾರಿಗೆ ಒರಗಿ ನಿಂತರು. ಆ ಫೋಟೋ ನನ್ನಲ್ಲಿದೆ. ಅವರ ಅಂಗೈ ಸರಿಯಾಗಿ ಆ ಹಿಂಬಾಗಿಲ ಸಂದಿಯ ಮೇಲಿದೆ.

ಮೊದಲ ಮಳೆಗೆ ಡಿಕ್ಕಿಯೊಳಗೆ ನೀರು ನಿಂತಿತು. ಔಷಧಿ ಪೆಟ್ಟಿಗೆಯ ತಳ ನೆನೆದು, ಹತ್ತಿ, ಬ್ಯಾಂಡೇಜು, ಕರುಗಳಿಗೆ ಕೊಡುವ ಪುಡಿ ಎಲ್ಲ ಮುದ್ದೆಯಾಯಿತು. ಶೋರೂಮಿಗೆ ಒಯ್ದೆ, ರಬ್ಬರಿನ ಪಟ್ಟಿಗೆ ಗೋಂದು ಬಳಿದು ಕಳಿಸಿದರು. ಮತ್ತೆ ನೀರು ಬಂತು, ಮತ್ತೆ ಗೋಂದು ಬಳಿದರು. ಪ್ರತಿ ಸಲವೂ ಅವರು ತಮ್ಮ ಕೋಣೆಗೆ ಕರೆದು ಕಾಫಿ ಕೊಡಿಸುತ್ತಿದ್ದರು. ಪ್ರತಿ ಸಲವೂ ಸೀಟಿನ ಸದ್ದಿನ ಬಗ್ಗೆ ಹೇಳುತ್ತಿದ್ದೆ. ಟೈಟ್ ಮಾಡಿಸಿದ್ದೇವೆ ಎನ್ನುತ್ತಿದ್ದರು. ನನ್ನ ಗಾಡಿ ಅಲ್ಲಿ ನಿಂತಿರುತ್ತಿದ್ದಷ್ಟು ಹೊತ್ತೂ ಹೊಸಬರು ಯಾರಾದರೂ ಕಾರು ನೋಡಲು ಬಂದರೆ, ಅವರಿಗೆ ನನ್ನನ್ನು ಕೈ ಮಾಡಿ ತೋರಿಸಿ, ನಮ್ಮ ಡಾಕ್ಟ್ರು ನಮ್ಮಲ್ಲೇ ತಗೊಂಡಿದ್ದು ಎನ್ನುತ್ತಿದ್ದರು. ನಾನು ದೂರು ಹೇಳಲು ಹೋದವಳು ಅವರ ಅಂಗಡಿಯ ಬೋರ್ಡಾಗಿ ನಿಂತಿರುತ್ತಿದ್ದೆ.

ಅಮ್ಮನ ಕಣ್ಣು ತೋರಿಸಿಕೊಂಡು ಚಿಕ್ಕಮಗಳೂರಿನಿಂದ ವಾಪಸು ಬರುತ್ತಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಜಾವಳಿ ದಾಟಿದ್ದೆವು. ಬಲಕ್ಕೆ ಕಣಿವೆ, ಎಡಕ್ಕೆ ಗುಡ್ಡ, ಗುಡ್ಡದ ಬುಡಕ್ಕೆ ಚರಂಡಿ. ಒಂದು ಕಡಿದಾದ ತಿರುವಿನಲ್ಲಿ ಏರು ಹತ್ತುತ್ತಿದ್ದಾಗ ನನ್ನ ಸೀಟು ಕಟಕ್ಕೆಂದು ಹಿಂದಕ್ಕೆ ಜಾರಿಬಿಟ್ಟಿತು. ಕಾಲು ಪೆಡಲನ್ನು ಬಿಟ್ಟು ಗಾಳಿಯಲ್ಲಿತ್ತು. ಬ್ರೇಕು ಎಟುಕಲಿಲ್ಲ. ಸ್ಟಿಯರಿಂಗಿನ ತುದಿ ಮಾತ್ರ ಬೆರಳಿಗೆ ಸಿಕ್ಕಿತ್ತು. ಕಾರು ಒಂದು ಕ್ಷಣ ನಿಂತು, ಹಿಂದಕ್ಕೆ ಇಳಿಯತೊಡಗಿತು. ಅಮ್ಮ ಏನೂ ಕೂಗಲಿಲ್ಲ. "ಬೇಡ, ಬೇಡ" ಎಂದಷ್ಟೇ, ಹಟ ಮಾಡುವ ಮಗುವಿಗೆ ಹೇಳುವ ಹಾಗೆ, ಕಾರಿಗೆ ಹೇಳಿದರು. ನಾನು ಸ್ಟಿಯರಿಂಗನ್ನು ಸಿಕ್ಕಿದಷ್ಟು ಗುಡ್ಡದ ಕಡೆಗೆ ಎಳೆದು, ಇನ್ನೊಂದು ಕೈಯಲ್ಲಿ ಪಾರ್ಕಿಂಗ್ ಬ್ರೇಕಿನ ಗುಂಡಿಗೆ ತಡಕಾಡಿದೆ. ಹಿಂದಿನ ಚಕ್ರ ಚರಂಡಿಗೆ ಬಿದ್ದು ಕಾರು ಎಡಕ್ಕೆ ವಾಲಿ ನಿಂತಿತು. ಅಮ್ಮ ಬಾಗಿಲ ಕಡೆ ತಿರುಗಿ ಬಲಗೈ ಊರಿದ್ದರು. ವಾಲಿದ ರಭಸಕ್ಕೆ ಅವರ ಮಣಿಕಟ್ಟು ಮುರಿಯಿತು.

ಹಿಂದೆ ಬರುತ್ತಿದ್ದ ಪಿಕಪ್ಪಿನಲ್ಲಿ ತೋಟದ ಕೆಲಸಕ್ಕೆ ಹೋಗಿ ಬರುವವರಿದ್ದರು. ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟು, ನಮ್ಮನ್ನು ಹೊರಗೆಳೆದರು. ಒಬ್ಬ ಹೆಂಗಸು ತನ್ನ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಅಮ್ಮನ ಕೈಯನ್ನು ಕುತ್ತಿಗೆಗೆ ಜೋಲಿ ಹಾಕಿದಳು. ಅಮ್ಮನನ್ನು ಮೂಡಿಗೆರೆಯ ಆಸ್ಪತ್ರೆಗೆ ಅದೇ ಪಿಕಪ್ಪಿನಲ್ಲಿ ಕರೆದೊಯ್ದೆ. ಕಾರನ್ನು ಎಳೆಸಿ ಕೊಟ್ಟಿಗೆಹಾರದ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಮಾರನೆಯ ದಿನ ಹೋದಾಗ, ಮುಟ್ಟುವುದಕ್ಕೆ ಮೊದಲು ವಿಡಿಯೊ ಮಾಡಿಕೊಳ್ಳುತ್ತೇನೆ ಎಂದು ಫೋನ್ ಹಿಡಿದು ನಿಂತೆ. ಗ್ಯಾರೇಜಿನವರು ಸೀಟಿನ ಕೆಳಗಿನ ಮ್ಯಾಟು ಎತ್ತಿದರು. ಸೀಟು ಹಿಂದೆ ಮುಂದೆ ಸರಿಯುವ ಹಳಿಯನ್ನು ನೆಲಕ್ಕೆ ಬಿಗಿಯಬೇಕಾದ ಬೋಲ್ಟು ಒಂದು ಕಡೆ ಇರಲೇ ಇಲ್ಲ. ಬೋಲ್ಟಿನ ತೂತಿನಲ್ಲಿ ಫ್ಯಾಕ್ಟರಿಯ ಬಣ್ಣ ಗೀರಿಲ್ಲದೆ ಹಾಗೇ ಇತ್ತು. ಹಳಿ ವಾರೆಯಾಗಿ, ಅದನ್ನು ಕಚ್ಚಿ ಹಿಡಿಯುವ ಕೊಕ್ಕೆ ಕಳಚಿಕೊಂಡಿತ್ತು. "ಎಂತ ಮಾರಾಯ್ರೆ, ಇದು ಬಿಚ್ಚಿ ಹೋದದ್ದಲ್ಲ, ಹಾಕಿದ್ದೇ ಇಲ್ಲ" ಎಂದರು ಅವರು.

ಫೋನ್ ಮಾಡಿ ಶೋರೂಮಿನ ಹಿರಿಯರಿಗೆ ಹೇಳಿದೆ. ಅಮ್ಮನ ಕೈಯ ವಿಷಯಕ್ಕೆ ನಿಜಕ್ಕೂ ನೊಂದುಕೊಂಡವರ ಹಾಗೆ ಮಾತಾಡಿದರು. ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದೆಲ್ಲ ಕೇಳಿದರು. ಬೋಲ್ಟಿನ ವಿಷಯಕ್ಕೆ ಬಂದಾಗ, "ಸೀಟು ಹಿಂದೆ ಮುಂದೆ ಮಾಡೋವಾಗ ನೀವೇ ಲಿವರ್ ಸರಿಯಾಗಿ ಬಿಟ್ಟಿರ್ಲಿಕ್ಕಿಲ್ಲ ಡಾಕ್ಟ್ರೇ. ಹೆಂಗಸ್ರು ಅಂತ ಹೇಳ್ತಿರೋದಲ್ಲ, ಎಲ್ರಿಗೂ ಆಗುತ್ತೆ" ಎಂದರು.

ಮುಂದಿನ ಭಾನುವಾರ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಜೊತೆಗೆ ತಮ್ಮ ತೋಟದ ಕಿತ್ತಳೆ ಒಂದು ಬುಟ್ಟಿ. ಅಮ್ಮನ ಕಾಲಿನ ಹತ್ತಿರ ಕೆಳಗೇ ಕೂತರು. ಪ್ಲಾಸ್ಟರಿನ ಮೇಲೆ ಕೈಯಿಟ್ಟು, ನನ್ನನ್ನು ಮಗ ಅಂದುಕೊಳ್ಳಿ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕ ಎಂದು ಹೇಳಿದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. ನಾಟಕವಲ್ಲ. ಅವರಿಗೆ ಆ ಹೊತ್ತಿಗೆ ಯಾರ ಎದುರು ಕೂತಿರುತ್ತಾರೋ ಅವರ ಮೇಲೆ ಕರುಣೆ ಉಕ್ಕುತ್ತಿತ್ತು. ಎದ್ದು ಹೋದ ಮೇಲೆ ಅದು ಒಣಗುತ್ತಿತ್ತು, ಅಷ್ಟೇ. ಅಮ್ಮ ಕರಗಿಹೋದರು. ಅವರ ಹೆಂಡತಿಯ ಕೈಗೆ ಕುಂಕುಮ ಕೊಡಲು ಎಡಗೈ ಆಗುತ್ತದಲ್ಲ ಎಂದು ಪೇಚಾಡಿದರು.

ಬೀಳ್ಕೊಡಲು ಗೇಟಿನವರೆಗೆ ಹೋದೆ. ಹೆಂಡತಿ ಮುಂದೆ ಹೋಗಿ ಗಾಡಿಯಲ್ಲಿ ಕೂತಿದ್ದರು. ಅವರು ಎಂದಿನಂತೆ ಮೆಲ್ಲಗೆ ಮಾತು ತೆಗೆದರು. ನಾನೂ ಎಂದಿನಂತೆ ಕೇಳಲು ಬಾಗಿದೆ.

"ಕೇಸು ಗೀಸು ಅಂತ ಹೋಗ್ತೀರಿ ಅಂತ ಕೇಳ್ದೆ. ಹೋಗಿ, ನಿಮ್ಮ ಹಕ್ಕು. ಆದ್ರೆ ಡಾಕ್ಟ್ರೇ, ನೀವು ಒಬ್ಬರೇ ಓಡಾಡೋರು, ನಾಲ್ಕು ತೋಟದೋರು ಕರೆದ್ರೆ ನಿಮ್ಗೆ ಕೆಲ್ಸ. ನೀವು ಗಾಡಿ ಹೆಂಗೆ ಓಡಿಸ್ತೀರಿ ಅಂತ ಹೇಳೋ ಜನ ನಂಗೆ ಬೇಕಾದಷ್ಟು ಸಿಗ್ತಾರೆ. ನಾನು ಹೇಳ್ಸೋದಿಲ್ಲ. ಅವ್ರಾಗೇ ಹೇಳ್ತಾರೆ."

ಕೈ ಮುಗಿದು ಹೊರಟರು. ಒಳಗೆ ಬಂದರೆ ಅಮ್ಮ ಎಡಗೈಯಲ್ಲೇ ಕಿತ್ತಳೆ ಸುಲಿದುಕೊಂಡು ತಿನ್ನುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ನೆಲದ ಮೇಲೆ ಕೂತರಲ್ಲ, ನೀನು ಒಂದು ಮಾತೂ ನೆಟ್ಟಗೆ ಆಡಲಿಲ್ಲ ಎಂದು ನನ್ನನ್ನು ಬೈದರು. ಗೇಟಿನ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೂ, ನಿನಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎನ್ನುತ್ತಿದ್ದರು.

ಜನ ತಾವಾಗೇ ಹೇಳತೊಡಗಿದರು. ಕಾರು ಗ್ಯಾರೇಜಿನಲ್ಲೇ ಇತ್ತು, ನಾನು ಬಾಡಿಗೆಯ ಜೀಪು ಓಡಿಸಿಕೊಂಡು ತಿರುಗುತ್ತಿದ್ದೆ. ಹಾಲಿನ ಡೈರಿಯ ಮುಂದೆ ಒಬ್ಬರು, ಆಟೋಮ್ಯಾಟಿಕ್ ಗಾಡಿ ಹೆಂಗಸರಿಗೆ ಸ್ವಲ್ಪ ಕಷ್ಟವಂತೆ ಹೌದಾ ಎಂದು ಕೇಳಿದರು. ಸಂಸೆ ಕಡೆಯ ತೋಟದವರೊಬ್ಬರು ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಕರೆದವರು, ನೀವು ಓಡಿಸಿಕೊಂಡು ಬರಬೇಡಿ, ನಮ್ಮ ಡ್ರೈವರನ್ನೇ ಕಳಿಸುತ್ತೇವೆ ಎಂದರು. ಡ್ರೈವರು ಬರುವಷ್ಟರಲ್ಲಿ ತಡವಾಯಿತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಆ ಕರುವನ್ನು ಹೊರಗೆಳೆದಾಗ ಅದರ ಮೈ ಇನ್ನೂ ಬೆಚ್ಚಗಿತ್ತು. ಕೈ ತೊಳೆಯುತ್ತಾ ನಿಂತಿದ್ದಾಗ ಆ ಮನೆಯವರು, ಪಾಪ ನಿಮ್ಮ ಬಗ್ಗೆ ಅವರು ಬಹಳ ಕಾಳಜಿಯಿಂದ ಮಾತಾಡುತ್ತಿದ್ದರು, ನೀವು ಗಾಡಿ ಓಡಿಸದ ಹಾಗೆ ನಾವೆಲ್ಲ ನೋಡಿಕೊಳ್ಳಬೇಕಂತೆ ಎಂದರು. ಅವರೆಂದರೆ ಯಾರೆಂದು ನಾನು ಕೇಳಲಿಲ್ಲ.

ಅದರ ಮರುದಿನವೇ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ಅಲ್ಲಿಯವರೆಗೆ ಕೊಡಲೋ ಬೇಡವೋ ಎಂದು ಅಳೆದು ತೂಗುತ್ತಿದ್ದವಳು ನಾನು. ವಿಚಾರಣೆಯಲ್ಲಿ ಅವರ ವಕೀಲರು, ಹೊರಗಿನ ಗ್ಯಾರೇಜಿನವರು ಬೋಲ್ಟು ಬಿಚ್ಚಿದ್ದಾರೆ ಎಂದು ವಾದಿಸಿದರು. ವಿಡಿಯೊ ತೋರಿಸಿದೆ. ಕಂಪನಿಯಿಂದ ಬಂದ ಎಂಜಿನಿಯರು ಗಾಡಿಯನ್ನು ನೋಡಿ, ಆ ತೂತಿಗೆ ಬೋಲ್ಟು ಯಾವತ್ತೂ ಹೋಗಿಲ್ಲ ಎಂದು ಒಪ್ಪಿಕೊಂಡರು. ಶೋರೂಮಿನವರು ಗಾಡಿ ಕೊಡುವ ಮೊದಲು ಪರೀಕ್ಷೆ ಮಾಡಿದ್ದರೆ ಗೊತ್ತಾಗಬೇಕಿತ್ತು ಎಂದೂ ಹೇಳಿದರು. ಬೇರೆ ಹೊಸ ಕಾರು ಕೊಡಬೇಕು, ಅಮ್ಮನ ಚಿಕಿತ್ಸೆಯ ಖರ್ಚು ಭರಿಸಬೇಕು ಎಂದು ಆದೇಶವಾಯಿತು. ಅಮ್ಮನ ಮಣಿಕಟ್ಟು ಕೂಡಿಕೊಂಡಿತ್ತು, ಆದರೆ ಹಿಡಿತ ಬರಲಿಲ್ಲ. ನಮ್ಮನೆಯ ಹಸುವಿನ ಹಾಲನ್ನು ಅಮ್ಮ ಮತ್ತೆ ಕರೆಯಲಿಲ್ಲ.

ಗೆದ್ದೆ ಎಂದು ನಾನಂದುಕೊಂಡದ್ದು ಎರಡನೆಯ ಕಾರು ತರಲು ಹೋಗುವವರೆಗೆ. ಅಲ್ಲಿ ಮತ್ತೆ ಅದೇ ಕೆಂಪು ಬಟ್ಟೆ, ರಿಬ್ಬನ್ನು, ಭಟ್ಟರು. ಈ ಸಲ ಬಟ್ಟೆಯನ್ನು ನಾನೇ ಎಳೆದೆ. ಕಾರನ್ನು ಬಿಸಿಲಿಗೆ ತರಿಸಿ, ಮ್ಯಾಟು ಎತ್ತಿಸಿ, ಬಾಗಿಲುಗಳ ಸಂದಿಗೆಲ್ಲ ಬೆರಳಾಡಿಸಿ, ಡಿಕ್ಕಿಯ ಮೇಲೆ ನೀರು ಹೊಯ್ಯಿಸಿ ನೋಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರು ಬೇಸರಿಸಲಿಲ್ಲ. ಕುರ್ಚಿ ಹಾಕಿಸಿದರು, ಮಜ್ಜಿಗೆ ತರಿಸಿದರು. ನೋಡುತ್ತಾ ನಿಂತ ಬೇರೆ ಗಿರಾಕಿಗಳಿಗೆ, ನಮ್ಮ ಡಾಕ್ಟ್ರು ಬಂದರೆ ನನಗೆ ಪರೀಕ್ಷೆ ಎಂದು ಹೇಳಿ ನಗಿಸಿದರು. ಕೊನೆಗೆ ನಾನು ಬೀಗದ ಕೈ ತೆಗೆದುಕೊಳ್ಳುವಾಗ ಫೋಟೋ ಹೊಡೆಸಿದರು. ಬೇಡ ಎನ್ನುವಷ್ಟರಲ್ಲಿ ಆಗಿಹೋಗಿತ್ತು. ಆ ಫೋಟೋ ಅವರ ಶೋರೂಮಿನ ಗೋಡೆಯ ಮೇಲೆ ಬಂತು, ಫೋನುಗಳಲ್ಲಿ ಓಡಾಡಿತು. ಕೆಳಗೆ, ನಂಬಿಕೆಯಿಟ್ಟು ಎರಡನೆಯ ಬಾರಿಗೂ ನಮ್ಮಲ್ಲೇ ಬಂದ ಕಳಸದ ವೈದ್ಯೆ ಎಂದು ಬರೆಸಿದ್ದರು. ಇವತ್ತಿಗೂ ಸಿಕ್ಕವರು, ಎರಡು ಕಾರು ಇಟ್ಟಿದ್ದೀರಂತೆ ಎನ್ನುತ್ತಾರೆ. ಎಷ್ಟು ಜನರಿಗೆ ಬಿಡಿಸಿ ಹೇಳಲಿ?

ಆಮೇಲೆ ನಾನು ಅವರನ್ನು ನೋಡಿದ್ದು ಒಂದೇ ಸಲ, ಹೋದ ವರ್ಷ. ಕಳಸದ ಹತ್ತಿರದ ಅವರ ತೋಟದಲ್ಲಿ ನಾಯಿಯನ್ನು ಕಾಡುಹಂದಿ ಕೋರೆಯಿಂದ ಸೀಳಿತ್ತು. ಆಳುಗಳ ಕೈಲಿ ಕಳಿಸದೆ, ನಾಯಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಅವರೇ ಬಂದರು. ಬಿಳಿ ಷರಟಿನ ತುಂಬ ರಕ್ತ. ಬೇರೆ ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎಂದೆ. "ನೀವು ಮಾಡಿದ್ರೇ ನಂಗೆ ಧೈರ್ಯ" ಎಂದರು.

ನಾಯಿಯನ್ನು ಮೇಜಿನ ಮೇಲೆ ಮಲಗಿಸಿದೆ. ಅದು ಅವರ ಕೈ ನೆಕ್ಕುತ್ತಿತ್ತು. ಇಂಜೆಕ್ಷನ್ನಿನ ಶೀಶೆಯನ್ನು ಅವರು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಹಣೆಗೆ ಏರಿಸಿ, ಅದರ ಮೇಲಿನ ತಾರೀಖು ಓದಿದರು. ಸೂಜಿ ಹೊಸದೋ ಎಂದು ಕೇಳಿದರು. ಗಾಯ ತೊಳೆಯುವ ನೀರು ಕುದಿಸಿದ್ದೋ ಎಂದು ಕೇಳಿದರು. ಹೊಲಿಗೆ ಹಾಕುವಷ್ಟು ಹೊತ್ತೂ ಫೋನಿನ ಟಾರ್ಚು ಹಿಡಿದು ನನ್ನ ಕೈಯ ಪಕ್ಕದಲ್ಲೇ ಬಾಗಿ ನಿಂತಿದ್ದರು. ನಾನು ಕತ್ತರಿ ಕೆಳಗಿಟ್ಟ ಮೇಲೆ, ಗಾಯದ ಉದ್ದಕ್ಕೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆಳಕು ಹರಿಸುತ್ತಾ ನೋಡಿದರು. ಒಂದು ಕಡೆ ಬೆಳಕು ನಿಂತಿತು. ಅಲ್ಲಿಗೆ ಬೆರಳು ತೋರಿಸಿದರು.

"ಡಾಕ್ಟ್ರೇ, ಇಲ್ಲೊಂದು ಸಡಿಲ ಇದೆ ಅನ್ಸುತ್ತೆ. ಚರ್ಮ ಕೂಡಿಲ್ಲ ನೋಡಿ."

ಕೂದಲೆಳೆಯಷ್ಟು ಅಂತರ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಬೆರಳು, ಆ ಬೆಳಕು, ಆ ಕಣ್ಣುಗಳನ್ನು ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕತ್ತರಿ ಎತ್ತಿಕೊಂಡು ಆ ಹೊಲಿಗೆಯನ್ನು ಕತ್ತರಿಸಿ ತೆಗೆದು, ಹೊಸದಾಗಿ ಹಾಕಿದೆ.